ಹೇಳಿದ್ದು ಒಂದು ಕಡೆ, ಕಂಡದ್ದು ಇನ್ನೊಂದು ಕಡೆ

ಬೆಳಗಿನ ಐದೂ ಕಾಲು. ಕೆಳಗಿನ ಬೀದಿಯ ನಲ್ಲಿಯ ಮುಂದೆ ಐವತ್ತೆಂಟರ ಹೆಂಗಸೊಬ್ಬರು ಬಗ್ಗಿ, ತಿರುಪು ತಿರುಗಿಸಿ, ಅಂಗೈ ಒಡ್ಡಿ ಕಾಯುತ್ತಿದ್ದಾರೆ. ನಲ್ಲಿ ಒಮ್ಮೆ ಕೆಮ್ಮುತ್ತದೆ, ಎರಡು ಸಲ ಗೊರಕೆ ಹೊಡೆಯುತ್ತದೆ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಕಿರುಬೆರಳು ದಪ್ಪದ ನೀರು ಬಿಡುತ್ತದೆ. ಅವರು ಕೈ ಒರೆಸಿಕೊಂಡು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಬಂತು, ಸಣ್ಣಗೆ.

ಬೇಸಿಗೆ ಮುಗಿಯಲು ಇನ್ನು ಎರಡು ವಾರವೂ ಇಲ್ಲ. ಬಿಸಿಲಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿಲ್ಲ.

ಮುನ್ನೂರ ನಲವತ್ತು ಮನೆಗಳ ಈ ಬಡಾವಣೆಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಗಂಡ ಒಬ್ಬರೇ. ಉಳಿದವರಿಗೆಲ್ಲ ಇವರು ಬೋರ್ಡಕ್ಕ. ವಾಚನಾಲಯದ ಕಸ ಗುಡಿಸಿ, ಪತ್ರಿಕೆ ಜೋಡಿಸಿ, ಕುರ್ಚಿ ಒರೆಸುವುದು ಇವರ ಕೆಲಸ. ವಾಚನಾಲಯದ ಹೊರಗೋಡೆಗೆ ಆರಡಿ ಅಗಲದ ಕಪ್ಪು ಹಲಗೆ ಇದೆ. ವಾರ್ಡ್ ಆಫೀಸಿನಿಂದ ಬಂದ ಸೂಚನೆಗಳನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದೂ ಇವರದೇ ಪಾಲು. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದಾರೆ. ಇವತ್ತು ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ ಹಲಗೆಯನ್ನು ಕಿತ್ತೊಯ್ಯುವುದಾಗಿ ಆಫೀಸು ಪತ್ರ ಕೊಟ್ಟಿದೆ.

ಆಫೀಸಿನ ಇಷ್ಟು ಸಿಟ್ಟಿಗೆ ಕಾರಣ ಹಲಗೆಯ ನಡುವೆ ಎಳೆದ ಒಂದು ಗೆರೆ. ಗೆರೆಯ ಎಡಕ್ಕೆ ಮೇಲೆ ‘ಹೇಳಿದ್ದು’ ಎಂದಿದೆ, ಬಲಕ್ಕೆ ‘ಕಂಡದ್ದು’ ಎಂದು. ಆಫೀಸು ಹೇಳಿದ್ದನ್ನು ಬೋರ್ಡಕ್ಕ ಎಡಕ್ಕೆ ಒಂದಕ್ಷರ ಬಿಡದೆ ಬರೆಯುತ್ತಾರೆ. ಆಮೇಲೆ ತಾವೇ ನಡೆದು ಹೋಗಿ ನೋಡಿ ಬಂದದ್ದನ್ನು, ನೋಡಿದ ಹೊತ್ತಿನ ಸಮೇತ, ಬಲಕ್ಕೆ ಬರೆಯುತ್ತಾರೆ. ದವಾಖಾನೆ: ಹೇಳಿದ್ದು ಒಂಬತ್ತಕ್ಕೆ, ಕಂಡದ್ದು ಡಾಕ್ಟರು ಹತ್ತೂ ನಲವತ್ತಕ್ಕೆ. ಶಾಲೆಯ ಹಳೆ ಪಠ್ಯಪುಸ್ತಕ ಅದಲುಬದಲು: ಹೇಳಿದ್ದು ಎಲ್ಲ ತರಗತಿ, ಕಂಡದ್ದು ಏಳನೆಯದು ಬಿಟ್ಟು. ನಾಯಿಗಳಿಗೆ ಚುಚ್ಚುಮದ್ದು: ಹೇಳಿದ್ದು ಆಟದ ಮೈದಾನ, ಕಂಡದ್ದು ಅಲ್ಲೇ, ಆದರೆ ನೆರಳಿಲ್ಲ, ಕೊಡೆ ತನ್ನಿ.

ಯಾರ ಮುಖವನ್ನೂ ನೋಡುವ ಹಲಗೆಯಲ್ಲ ಇದು. ಬೋರ್ಡಕ್ಕನ ಯಜಮಾನರು ಎದುರು ಸಾಲಿನ ದರ್ಜಿ. ಒಂದು ದಿನ ಅವರ ಅಂಗಡಿಯೂ ಹಲಗೆ ಏರಿತು: ಹೇಳಿದ್ದು ಮಂಗಳವಾರ ಬಟ್ಟೆ ಕೊಡುತ್ತೇನೆ, ಕಂಡದ್ದು ಶುಕ್ರವಾರ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲವಂತೆ. ಹೊಲಿಗೆಯಂತ್ರದಿಂದ ತಲೆ ಎತ್ತದೆ ಅವರು ಈಗ ಹೇಳುತ್ತಾರೆ, "ಒಳ್ಳೇದೇ ಆಯ್ತು. ಆಗಿನಿಂದ ಗಿರಾಕಿಗಳು ಶುಕ್ರವಾರಾನೇ ಬರ್ತಾರೆ. ಮಂಗಳವಾರ ನನ್ನ ತಲೆ ತಿನ್ನೋರೇ ಇಲ್ಲ."

ಈ ಗೆರೆ ಮೊದಲಿನಿಂದ ಇದ್ದದ್ದಲ್ಲ. ಹದಿಮೂರು ವರ್ಷ ಬೋರ್ಡಕ್ಕ ಹೇಳಿದ್ದನ್ನಷ್ಟೇ ಬರೆದವರು. ಆರು ವರ್ಷದ ಹಿಂದೆ, ಇಂಥದೇ ಬೇಸಿಗೆಯ ಕೊನೆಯಲ್ಲಿ, ದವಾಖಾನೆ ಭಾನುವಾರವೂ ತೆರೆದಿರುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದರು. ಇವರು ಬರೆದರು. ಮೇಲಿನ ಬೀದಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದು ಬದುಕುವ ಅಜ್ಜಿಗೆ ಪಕ್ಕದ ಮನೆಯವರು ಅದನ್ನು ಓದಿ ಹೇಳಿದರು. ಅಜ್ಜಿ ನಡು ಮಧ್ಯಾಹ್ನ ಒಂದೂವರೆ ಕಿಲೋಮೀಟರು ನಡೆದು ಹೋಗಿ, ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ ಕೂತರು. ಯಾರೋ ಬಂದು ನೋಡುವಾಗ ಪ್ರಜ್ಞೆ ಇರಲಿಲ್ಲ. ಹನ್ನೊಂದು ದಿನ ಆಸ್ಪತ್ರೆ.

ಬೋರ್ಡಕ್ಕ ಆ ಹನ್ನೊಂದು ದಿನವೂ ಹಾಸಿಗೆಯ ಪಕ್ಕದಲ್ಲಿದ್ದರು. "ಫೋನ್ ಮಾಡಿದೋರನ್ನ ಬೈಬಹುದಿತ್ತು. ಆದ್ರೆ ಅಕ್ಷರ ನಂದು. ಹೋಗಿ ನೋಡಿದ್ರೆ ಅರ್ಧ ಗಂಟೆ ಕೆಲಸ. ನೋಡ್ಲಿಲ್ಲ," ಎನ್ನುತ್ತಾರೆ. ಹನ್ನೆರಡನೆಯ ದಿನ ಹಲಗೆಯ ನಡುವೆ ಗೆರೆ ಬಿತ್ತು.

ಅಜ್ಜಿ ಗಟ್ಟಿ ಜೀವ. ಬದುಕಿ ಬಂದದ್ದಷ್ಟೇ ಅಲ್ಲ, ಆ ಕತೆಯನ್ನು ಆರು ವರ್ಷದಿಂದ ಸವೆಯಲು ಬಿಟ್ಟಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ, "ನಿನ್ನ ನಂಬಿ ಸಾಯೋಕೆ ಹೋಗಿದ್ದೆ ಕಣೇ," ಎಂದೇ ಮಾತು ಶುರು. ಆಮೇಲೆ ನೀರು ಬಂತೋ ಇಲ್ಲವೋ ಎಂಬ ವಿಚಾರಣೆ.

ಬೋರ್ಡಕ್ಕ ದಿನಕ್ಕೆ ಏಳು ಜಾಗ ಸುತ್ತುತ್ತಾರೆ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ. ಎಷ್ಟು ದೂರವಾಗುತ್ತದೆ ಎಂದು ಕೇಳಿದರೆ ಚಪ್ಪಲಿ ಎತ್ತಿ ತೋರಿಸುತ್ತಾರೆ. ವರ್ಷಕ್ಕೆ ಮೂರು ಜೊತೆ. ಬಲಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದಕ್ಕೆ ಆಫೀಸಿನ ಮೇಲ್ಮಹಡಿಯ ಸುದ್ದಿಯನ್ನು ಕೆಳಗೆ ನಿಂತೇ ಕೂಗಿ ಕೇಳುತ್ತಾರೆ.

ಈ ಬೇಸಿಗೆಯ ತಕರಾರು ತಂಪುಕೋಣೆಯದು. ಬಿಸಿಲಲ್ಲಿ ಬಳಲುವ ಮುದುಕರಿಗೆಂದು ವಾರ್ಡ್ ಆಫೀಸಿನ ನೆಲಮಹಡಿಯಲ್ಲಿ ಒಂದು ಕೋಣೆ, ಎರಡು ಕೂಲರು, ಎಂಟು ಕುರ್ಚಿ, ಒಂದು ನೀರಿನ ಡ್ರಮ್ಮು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಎಲ್ಲ ದಿನ. ಇದು ಹೇಳಿದ್ದು. ಬೋರ್ಡಕ್ಕನ ಪುಟ್ಟ ಪುಸ್ತಕದ ಪ್ರಕಾರ, ಉದ್ಘಾಟನೆಯಾದ ಮೇಲಿನ ಅರವತ್ತೆಂಟು ದಿನಗಳಲ್ಲಿ ಬಾಗಿಲು ತೆರೆದದ್ದು ಹನ್ನೊಂದು ದಿನ. ಬೀಗದ ಕೈ ಇಟ್ಟುಕೊಂಡ ಗುಮಾಸ್ತರು ರಜೆಯಲ್ಲಿದ್ದಾರೆ. ಅವರ ರಜೆ ಅರ್ಜಿಯೂ ಬೀಗದ ಒಳಗೇ ಇದೆಯೆಂದು ಆಫೀಸಿನವರೇ ನಗುತ್ತಾರೆ.

ಹೋದ ವಾರ ಮೇಲಧಿಕಾರಿಗಳು ತಪಾಸಣೆಗೆ ಬಂದು, ದಾರಿಯಲ್ಲಿ ಹಲಗೆ ಓದಿ ಹೋದರು. ಮರುದಿನವೇ ವಾರ್ಡ್ ಆಫೀಸಿನ ಮೇಲ್ವಿಚಾರಕರು ವಾಚನಾಲಯಕ್ಕೆ ಇಳಿದು ಬಂದರು. ಕೆಟ್ಟ ಮನುಷ್ಯರೇನಲ್ಲ. ಫಲಕದಲ್ಲಿ ಅಧಿಕೃತ ಮಾಹಿತಿ ಮಾತ್ರ ಇರಬೇಕು, ಬಲಗಡೆಯದನ್ನು ಒರೆಸಿಬಿಡಮ್ಮ, ನಿನಗೂ ನೆಮ್ಮದಿ ನನಗೂ ನೆಮ್ಮದಿ ಎಂದು ಮೆಲ್ಲಗೇ ಹೇಳಿದರಂತೆ.

ಬೋರ್ಡಕ್ಕ ಕೊಟ್ಟ ಉತ್ತರ ಈಗ ಬಡಾವಣೆಗೆಲ್ಲ ಬಾಯಿಪಾಠ. "ಒರೆಸೋ ಬಟ್ಟೆ ನನ್ನ ಹತ್ರ ಇದೆ ಸಾರ್. ಬೀಗದ ಕೈ ನಿಮ್ಮೋರ ಹತ್ರ ಇದೆ. ನೀವು ತೆಗೆಸಿ, ನಾನು ಒರೆಸ್ತೀನಿ."

ಪತ್ರ ಬಂದದ್ದು ಆಮೇಲೆ. ಊರವರಿಗೆ ಸಂಬಂಧಪಟ್ಟ ಸೂಚನೆ ಅಲ್ಲವೇ ಎಂದು ಬೋರ್ಡಕ್ಕ ಅದನ್ನೂ ಹಲಗೆಗೇರಿಸಿದ್ದಾರೆ. ಎಡಕ್ಕೆ: ಗುರುವಾರ ಹನ್ನೊಂದಕ್ಕೆ ಈ ಫಲಕವನ್ನು ತೆರವುಗೊಳಿಸಲಾಗುವುದು. ಬಲಕ್ಕೆ: ನೋಡೋಣ.

ಹತ್ತೂ ಮುಕ್ಕಾಲಿಗೆ ವಾಚನಾಲಯದ ಮುಂದೆ ಮೂವತ್ತು ಜನ ಸೇರಿದ್ದಾರೆ. ಆಫೀಸು ಹೇಳಿದ ಹೊತ್ತಿಗೆ ಬರುವುದುಂಟೇ ಎಂದು ದರ್ಜಿ ಎಲ್ಲರಿಗೂ ಧೈರ್ಯ ಹೇಳುತ್ತಿದ್ದಾರೆ. ಹನ್ನೊಂದು ಹೊಡೆಯುವುದಕ್ಕೂ ಕೈಗಾಡಿ ತಳ್ಳಿಕೊಂಡು ಇಬ್ಬರು ಕೆಲಸಗಾರರು ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಗುತ್ತದೆ.

ಅವರಲ್ಲಿ ಹಿರಿಯನ ಮನೆ ಇದೇ ಬಡಾವಣೆಯಲ್ಲಿದೆ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿಕೊಂಡೇ ಕೇಳುತ್ತಾನೆ, "ಅಕ್ಕಾ, ಮೇಲಿನ ಬೀದೀಲಿ ನೀರು ಬಂತಾ?"

"ಏಳೂ ನಲವತ್ತಕ್ಕೆ ಬಂತು. ನಿಮ್ಮನೇಲಿ ಎರಡು ಕೊಡ ಹಿಡಿದ್ರು, ನೋಡಿದೆ."

ಅವನು ಮೊದಲ ತಿರುಪಿಗೆ ಕೈ ಹಾಕುವಷ್ಟರಲ್ಲಿ ಬೋರ್ಡಕ್ಕ ತಡೆಯುತ್ತಾರೆ. ಅವರು ‘ನೋಡೋಣ’ ಎಂಬುದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಒಣಗುವ ತನಕ ಎಲ್ಲರನ್ನೂ ಕಾಯಿಸಿ, ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ: ಹನ್ನೊಂದಕ್ಕೆ ಸರಿಯಾಗಿ ಬಂದರು. ಈ ಬೇಸಿಗೆಯಲ್ಲಿ ಆಫೀಸಿನ ಮಾತು ನಿಮಿಷ ತಪ್ಪದೆ ನಡೆದದ್ದು ಇದೊಂದೇ. ಅದರ ಹೆಗ್ಗಳಿಕೆಯನ್ನೂ ಅವರು ಬಚ್ಚಿಡುವವರಲ್ಲ. ಹಲಗೆ ಆ ಸಾಲಿನ ಸಮೇತ ಕೈಗಾಡಿ ಹತ್ತಿ ಹೊರಡುತ್ತದೆ. ಅಳುವವರು ಯಾರೂ ಇಲ್ಲ. ಬೋರ್ಡಕ್ಕ ಗೋಡೆಯ ಧೂಳು ಗುಡಿಸಿ, ಒಳಗೆ ಹೋಗಿ ಕುರ್ಚಿ ಒರೆಸುತ್ತಾರೆ.

ಮಧ್ಯಾಹ್ನ ಎರಡಕ್ಕೆ ಎಂದಿನಂತೆ ಎರಡನೇ ಸುತ್ತು. ದವಾಖಾನೆ, ಬಸ್ ನಿಲ್ದಾಣ, ಮೈದಾನ, ಕೊನೆಗೆ ತಂಪುಕೋಣೆ. ಬಾಗಿಲಿಗೆ ಬೀಗ. ಹೊರಗಿನ ಕಟ್ಟೆಯ ಮೇಲೆ, ಅಂಗೈಯಗಲದ ನೆರಳಿನಲ್ಲಿ, ಇಬ್ಬರು ಮುದುಕರು. ಬೋರ್ಡಕ್ಕ ಬೀಗವನ್ನು ಕೈಯಾರೆ ಎಳೆದು ನೋಡುತ್ತಾರೆ. ಕಾಣುವುದನ್ನೂ ಮುಟ್ಟಿ ನೋಡುವ ಜಾತಿ ಅವರದು. ಮುದುಕರನ್ನು ವಾಚನಾಲಯದ ಫ್ಯಾನಿನ ಕೆಳಗೆ ಹೋಗಿ ಕೂರಿ ಎಂದು ಕಳಿಸುತ್ತಾರೆ. ಆಮೇಲೆ ರಸ್ತೆಯ ನಡುವೆ ಬಂದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಇಡೀ ಬೀದಿಗೆ ಕೇಳುವಂತೆ ಕೂಗುತ್ತಾರೆ.

"ತಂಪುಕೋಣೆ! ಹೇಳಿದ್ದು, ಆರರವರೆಗೆ. ಕಂಡದ್ದು, ಮೂರೂ ಇಪ್ಪತ್ತಕ್ಕೆ ಬೀಗ. ಯಾರೂ ಬಿಸಿಲಲ್ಲಿ ಬರಬೇಡಿ!"

ಒಂದೆರಡು ಕಿಟಕಿ ತೆರೆಯುತ್ತವೆ. ತಿರುವಿನ ಅಂಗಡಿಯವನು ಅದನ್ನೇ ಮುಂದಿನ ಬೀದಿಗೆ ಕೂಗಿ ದಾಟಿಸುತ್ತಾನೆ. ಮೇಲಿನ ಬೀದಿಯ ಮನೆಯ ಹೊಸ್ತಿಲಲ್ಲಿ ಗುಂಡಿ ಹೊಲಿಯುತ್ತಿದ್ದ ಅಜ್ಜಿಗೂ ಅದು ಮುಟ್ಟುತ್ತದೆ. ಇದೇ ವಾಸಿ ಬಿಡು, ಓದಿ ಹೇಳಿ ಅಂತ ಯಾರ ಕೈಕಾಲೂ ಹಿಡೀಬೇಕಾಗಿಲ್ಲ ಎನ್ನುತ್ತಾರೆ ಅವರು.

ಆಫೀಸಿನ ಮೇಲ್ಮಹಡಿಯಲ್ಲಿ ಮೇಲ್ವಿಚಾರಕರ ಕಿಟಕಿ ಮುಚ್ಚಿಕೊಳ್ಳುತ್ತದೆ. ಬೋರ್ಡಕ್ಕ ಅದನ್ನು ನೋಡಿ, ಪುಸ್ತಕ ತೆಗೆದು, ಹೊತ್ತು ಬರೆದುಕೊಳ್ಳುತ್ತಾರೆ. ನಾಳೆಯೂ ಹೀಗೇ ಕೂಗುತ್ತೀರಾ ಎಂದರೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಬೋರ್ಡು ಇದ್ದಾಗ ಆ ಕಡೆ ಹಾದುಹೋದ್ರೆ ಮಾತ್ರ ಅವರಿಗೆ ಕಾಣ್ತಿತ್ತು. ಈಗ ಕೂತಲ್ಲೇ ಕೇಳುತ್ತೆ. ಬಾಗಿಲು ತೆಗೆದ ದಿನಾನೂ ಬರ್ತೀನಿ. ಅದನ್ನ ಇದಕ್ಕಿಂತ ಜೋರಾಗಿ ಕೂಗ್ತೀನಿ."