ಗಿಡ್ಡ ಕುದುರೆಗಾಗಿ ಹಾಲಿಲ್ಲದ ಊಟ

ನನ್ನ ಬಾಯಿಯೇ ನನಗೆ ಶತ್ರು. ಎಪ್ಪತ್ತರ ದಶಕದ ನಡುವಿನ ಮಾತು. ನಾವು ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿದ್ದೆವು. ಸೆಪ್ಟೆಂಬರಿನ ಒಂದು ತಣ್ಣನೆಯ ಬೆಳಿಗ್ಗೆ ಎದುರು ಮನೆಯ ಅಮೆರಿಕನ್ ಹೆಂಗಸು ಬಾಗಿಲು ತಟ್ಟಿ, "ನೀವು ಮಾಂಸ ತಿನ್ನುವುದಿಲ್ಲವಂತೆ, ನಿಜವೇ?" ಎಂದು ಕೇಳಿದರು. ಹೌದು ಎಂದು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಸುಮ್ಮನಾಗುವ ಜಾತಿಯೇ ನಾನು? "ನಾನಷ್ಟೇ ಅಲ್ಲ, ನಮ್ಮ ಮುತ್ತಾತನ ಮುತ್ತಾತನೂ ತಿಂದವನಲ್ಲ. ಈ ವಿಷಯದಲ್ಲಿ ನಿಮ್ಮ ದೇಶ ಈಗಷ್ಟೇ ಅಕ್ಷರಾಭ್ಯಾಸಕ್ಕೆ ಕೂತಿದೆ" ಎಂದು ಜಂಬ ಕೊಚ್ಚಿದೆ.

ಆಕೆ ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಜಂಬ ಕೇಳಿ ಕೋಪಿಸಿಕೊಳ್ಳುವ ಬದಲು ಕಣ್ಣರಳಿಸಿಕೊಂಡು ಒಳಗೇ ಬಂದು ಕೂತರು. ತಾನು ವೀಗನ್ ಎಂದರು. ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಅವರಂಥವರು ನಲವತ್ತು ಜನ ಇದ್ದರಂತೆ. ಎರಡು ಮೂರು ತಿಂಗಳಿಗೊಮ್ಮೆ ಚರ್ಚಿನ ಬೇಸ್‌ಮೆಂಟಿನಲ್ಲಿ ಸೇರಿ ಒಟ್ಟಿಗೆ ಊಟ ಮಾಡಿ, ಕೊನೆಗೆ ಒಂದು ಬುಟ್ಟಿ ಸುತ್ತಿಸಿ, ಬಂದ ಹಣದಲ್ಲಿ ಯಾವುದಾದರೂ ಪ್ರಾಣಿಯನ್ನು ಉಳಿಸುತ್ತಿದ್ದರು. ನಡುವೆ ಓಹೇರ್‌ನಿಂದ ಎದ್ದ ವಿಮಾನ ನೆತ್ತಿಯ ಮೇಲೆ ಗುಡುಗಿತು. ಇಬ್ಬರೂ ಅಭ್ಯಾಸದಂತೆ ಮಾತು ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸಿದೆವು.

ಈ ಸಲದ ಪ್ರಾಣಿ ನಮಗೂ ಪರಿಚಯದ್ದೇ ಆಗಿತ್ತು. ಮನೆಯಿಂದ ಎರಡು ಮೈಲಿ ದೂರದಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುವ ಗಿಡ್ಡ ಕುದುರೆಗಳ ಒಂದು ಬಯಲಿತ್ತು. ಡೆಟ್ರಾಯಿಟ್‌ನಲ್ಲಿ ಹುಟ್ಟಿದ ನನ್ನ ಆರು ವರ್ಷದ ಮಗಳು ಪ್ರತಿ ಭಾನುವಾರ ಅಲ್ಲಿ ಒಂದು ಮುದಿ ಬೂದು ಕುದುರೆಯ ಮೇಲೇ ಕೂರಬೇಕೆಂದು ಹಟ ಹಿಡಿಯುತ್ತಿದ್ದಳು. ಅದಕ್ಕೆ ಒಂದು ಕಣ್ಣು ಮಂಜು. ಈಗ ಮಾಲೀಕ ಜಾಗವನ್ನು ಗೋದಾಮಿನವರಿಗೆ ಮಾರಿದ್ದ. ಉಳಿದ ಕುದುರೆಗಳನ್ನು ಯಾರ‍್ಯಾರೋ ಕೊಂಡಿದ್ದರು, ಈ ಕುರುಡನನ್ನು ಕೇಳುವವರಿರಲಿಲ್ಲ. ಸೋಮವಾರ ಕಸಾಯಿಖಾನೆಯ ಲಾರಿ ಬರುತ್ತದೆ. ಶನಿವಾರದ ಊಟದಲ್ಲಿ ಅದರ ಬೆಲೆ ಕೂಡಿದರೆ ಕುದುರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. "ಅಡುಗೆ ನೀವು ಮಾಡಿದರೆ ಹೊಸ ರುಚಿಗೆ ಜನ ಹೆಚ್ಚು ಬರುತ್ತಾರೆ" ಎಂದರು ಆಕೆ. "ಅಷ್ಟೇ ತಾನೇ" ಎಂದೆ. ಆಮೇಲೆ ಅವರು ಕೈಗಿತ್ತ ಚೀಟಿ ನೋಡಿ ಜೀವ ಬಾಯಿಗೆ ಬಂತು. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು, ಯಾವುದೂ ಕೂಡದು!

ಆ ವರ್ಷದ ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಮದುವೆಯಾಗಿ ಎಂಟು ವರ್ಷವಾದರೂ ಅವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ, ಕೆಟ್ಟದ್ದೂ ಬಿದ್ದಿರಲಿಲ್ಲ. ನನ್ನ ಅಡುಗೆಯನ್ನು ಮೌನವಾಗಿ ಉಣ್ಣುತ್ತಿದ್ದರು, ಮರುದಿನ ತಾವೇ ಒಲೆಯ ಮುಂದೆ ನಿಲ್ಲುತ್ತಿದ್ದರು. ಅದೇ ಅವರ ಅಭಿಪ್ರಾಯ ಎಂದು ನಾನು ತಿಳಿದುಕೊಂಡಿದ್ದೆ. ನಲವತ್ತು ಜನರ ಅಡುಗೆ ಎಂದಾಗ ಮಾತ್ರ ಸೆರಗು ಸಿಕ್ಕಿಸಿ ಎದ್ದರು.

"ಹಾಲು ಹಾಕೋ ಹಾಗಿಲ್ಲ ಅತ್ತೆ."

"ಮೊಸರು?"

"ಅದೂ ಇಲ್ಲ."

"ಮಜ್ಜಿಗೆ?"

"ಮಜ್ಜಿಗೆ ಎಲ್ಲಿಂದ ಬರತ್ತೆ ಅತ್ತೆ?"

"ಪಾಪ, ಏನು ಕಾಯಿಲೆಯೇ ಅವರಿಗೆ?"

ಇಲ್ಲಿ ಹಾಲಿನ ಕಾರ್ಖಾನೆಗಳಲ್ಲಿ ಕರು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡುತ್ತಾರಂತೆ ಎಂದು, ಎದುರು ಮನೆಯಾಕೆ ಹೇಳಿದ್ದನ್ನೇ ನಾನೂ ಒಪ್ಪಿಸಿದೆ. ಅತ್ತೆ ಮೊಸರಿನ ಪಾತ್ರೆಯನ್ನು ಫ್ರಿಜ್ಜಿಗೆ ವಾಪಸು ಇಟ್ಟರು. "ನಮ್ಮನೇಲಿ ಕರು ಕುಡಿದು ಬಿಟ್ಟ ಮೇಲೇ ಕರೀತಿದ್ದಿದ್ದು. ಸರಿ, ಬೇಡ ಬಿಡು" ಎಂದರು. ತುಪ್ಪದ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ಎಡವಟ್ಟು ಅಲ್ಲೇ ಆಯಿತು. ನಾನು ಅಡುಗೆಗೆ ಏನೇನು ಹಾಕಬಾರದು ಎಂದು ಹೇಳಿದ್ದೆ. ಅತ್ತೆಯ ಲೆಕ್ಕದಲ್ಲಿ ತುಪ್ಪ ಅಡುಗೆಗೆ ಸೇರಿದ್ದಲ್ಲ, ಬಡಿಸುವುದಕ್ಕೆ ಸೇರಿದ್ದು.

ಎರಡು ದಿನ ಇಬ್ಬರೂ ಒಲೆಯ ಮುಂದೆಯೇ ಇದ್ದೆವು. ತೊಗರಿಬೇಳೆ ನಲವತ್ತು ಜನಕ್ಕೆ ಎಲ್ಲಿ ಸಿಗಬೇಕು? ಸೂಪರ್ ಮಾರ್ಕೆಟ್ಟಿನ ಹಳದಿ ಬಟಾಣಿಬೇಳೆಯಲ್ಲೇ ಹುಳಿ. ಒಣಕೊಬ್ಬರಿ ಪುಡಿಯನ್ನು ಬಿಸಿನೀರಲ್ಲಿ ನೆನೆಸಿ, ರುಬ್ಬಿ, ಹಿಂಡಿ ಪಾಯಸ. ಎಣ್ಣೆಯಲ್ಲೇ ಒಗ್ಗರಣೆ. ಅತ್ತೆ ಎಲ್ಲಿಯೂ ತಪ್ಪಲಿಲ್ಲ. "ನೋಡಿ, ಮನಸ್ಸು ಮಾಡಿದ್ರೆ ಆಗತ್ತೆ" ಎಂದು ನಾನೇ ಅವರಿಗೆ ಸರ್ಟಿಫಿಕೇಟ್ ಕೊಟ್ಟೆ. ಏನು ಧೈರ್ಯ ನನಗೆ!

ಶನಿವಾರ ಮಧ್ಯಾಹ್ನ ಬೇಸ್‌ಮೆಂಟ್ ತುಂಬಿತ್ತು. ಜನ ಪೇಪರ್ ತಟ್ಟೆ ಹಿಡಿದು ಸಾಲಾಗಿ ನಿಂತದ್ದನ್ನು ನೋಡಿ ಅತ್ತೆಯ ಮುಖ ಕೆಂಪಾಯಿತು. "ಇದೇನೇ, ಭಿಕ್ಷೆಗೆ ನಿಂತ ಹಾಗೆ ನಿಂತಿದಾರೆ! ಊಟಕ್ಕೆ ಕರೆದ ಮೇಲೆ ಕೂರಿಸಿ ಬಡಿಸಬೇಕು." ಸರಿ, ಅಷ್ಟೂ ಜನರನ್ನು ಉದ್ದದ ಮೇಜುಗಳಿಗೆ ಕೂರಿಸಿದ್ದಾಯಿತು. ನನ್ನ ಗಂಡ ಕೋಸಂಬರಿ ಪಾತ್ರೆ ಹಿಡಿದರು. ಅತ್ತೆ ಅನ್ನ ಬಡಿಸಲು ಹೊರಟರು. ನಾನು ಅಡುಗೆಮನೆಯಲ್ಲಿ ನಿಂತು ಪಾತ್ರೆ ತುಂಬಿಸಿ ಕೊಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಎದುರು ಮನೆಯಾಕೆ ತಟ್ಟೆ ಹಿಡಿದುಕೊಂಡೇ ಒಳಗೆ ಓಡಿ ಬಂದರು. "ಈ ಅನ್ನಕ್ಕೆ ಏನು ಹಾಕಿದ್ದೀರಿ? ಇಷ್ಟು ರುಚಿ ಹೇಗೆ?"

"ಬರೀ ಅನ್ನ, ಉಪ್ಪೂ ಹಾಕಿಲ್ಲ. ನಮ್ಮ ಕೈಗುಣ" ಎಂದೆ, ಮೂಗು ಮೇಲೆತ್ತಿ.

ಆಕೆ ಹೋದ ಮೇಲೆ ಸಂಶಯ ಬಂತು. ಬಾಗಿಲಲ್ಲಿ ಇಣುಕಿದೆ. ಅತ್ತೆ ಸೀರೆಯ ಮೇಲೆ ಹಾಕಿಕೊಂಡಿದ್ದ ಕಾರ್ಡಿಗನ್ನಿನ ಜೇಬಿಂದ ಮನೆಯ ತುಪ್ಪದ ಮಿಳ್ಳೆ ತೆಗೆದಿದ್ದರು! ಕೊನೆಯ ಸಾಲಿನ ಗಡ್ಡದ ಹುಡುಗನ ಅನ್ನದ ಮೇಲೆ ಪುಟ್ಟ ಚಮಚದಿಂದ ತುಪ್ಪ ಬಿಡುತ್ತಿದ್ದರು. ಅದನ್ನು ಎಣ್ಣೆಯೆಂದುಕೊಂಡೋ ಏನೋ, ಅವನು ಕೈಮುಗಿದು ಇನ್ನೊಂದು ಚಮಚ ಕೇಳಿದ. ಅತ್ತೆಯ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದೆ.

"ಅತ್ತೆ, ಏನು ಬಡಿಸ್ತಿದೀರಿ?"

"ಕಾಣಲ್ವೇನೆ? ತುಪ್ಪ."

"ಎಲ್ಲರಿಗೂ?"

"ಪಂಕ್ತೀಲಿ ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಡೋಕಾಗತ್ತಾ?"

"ಅಯ್ಯೋ, ತುಪ್ಪ ಹಾಲಿಂದಲೇ ಅಲ್ವಾ ಬರೋದು! ಅವರು ಮುಟ್ಟಲ್ಲ ಅತ್ತೆ, ವ್ರತದ ಹಾಗೆ!"

ಅತ್ತೆ ಮಿಳ್ಳೆಯನ್ನೂ ನನ್ನನ್ನೂ ನೋಡಿದರು. "ನೀನು ಹಾಲು ಅಂದೆ, ಮೊಸರು ಅಂದೆ, ಮಜ್ಜಿಗೆ ಅಂದೆ. ತುಪ್ಪ ಅನ್ನಲಿಲ್ಲ" ಎಂದರು. ಅವರ ದನಿ ಇಳಿದುಹೋಗಿತ್ತು.

ಅಷ್ಟರಲ್ಲಿ ಹೊರಗೆ ಎದುರು ಮನೆಯಾಕೆ ಲೋಟಕ್ಕೆ ಚಮಚ ಬಡಿದು ಜನರನ್ನು ಸುಮ್ಮನಾಗಿಸಿದರು. ಬುಟ್ಟಿ ಸುತ್ತಿಸುವ ಮುಂಚೆ ಭಾರತದಿಂದ ಬಂದ ಹಿರಿಯರು ಎರಡು ಮಾತಾಡಬೇಕು, ಸೊಸೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂದರು. ಚಪ್ಪಾಳೆಯಾಯಿತು. ಅತ್ತೆ ಹಿಂಜರಿಯಲಿಲ್ಲ. ಮೈಸೂರಿನಲ್ಲಿ ಭಜನಾ ಮಂಡಳಿ ನಡೆಸಿದವರು, ಸಭೆಗೆ ಹೆದರುವವರಲ್ಲ. ಮುಂದೆ ಹೋಗಿ ನಿಂತು ಕೈಮುಗಿದರು. ನಾನು ಪಕ್ಕದಲ್ಲಿ ನಿಂತೆ. ಎದುರಿಗೇ ನನ್ನ ಮಗಳು ತಾನು ಬರೆದ ಬೂದು ಕುದುರೆಯ ಚಿತ್ರ ಹಿಡಿದು ಕೂತಿದ್ದಳು.

"ಎಲ್ಲರೂ ಚೆನ್ನಾಗಿ ಊಟ ಮಾಡಿದ್ರಿ, ನನಗೆ ಸಂತೋಷ ಆಯ್ತು" ಎಂದರು ಅತ್ತೆ. "ಆದ್ರೆ ನನ್ನಿಂದ ಒಂದು ತಪ್ಪಾಗಿದೆ. ನೀವು ತುಪ್ಪ ತಿನ್ನಲ್ಲ ಅಂತ ಗೊತ್ತಿರಲಿಲ್ಲ. ಎಲ್ಲರ ಅನ್ನಕ್ಕೂ ಒಂದೊಂದು ಚಮಚ ಹಾಕ್ಬಿಟ್ಟೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿ."

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. ನಾನು ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, "ನೀವೆಲ್ಲ ಊಟ ಮಾಡಿದ್ದು ನೋಡಿ ನಮ್ಮತ್ತೆಗೆ ಸಂತೋಷವಾಗಿದೆ. ಆ ಕುದುರೆ ನೂರು ವರ್ಷ ಬಾಳಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಾರೆ" ಎಂದೆ.

ಎಂಥ ಚಪ್ಪಾಳೆ! ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಬುಟ್ಟಿ ಮೇಲೆದ್ದಿತು. ಸದ್ಯ, ಬಚಾವಾದೆ ಅಂದುಕೊಂಡೆ.

"ದಟ್ಸ್ ನಾಟ್ ವಾಟ್ ಅಜ್ಜಿ ಸೆಡ್!"

ನನ್ನ ಮಗಳು ಎದ್ದು ನಿಂತಿದ್ದಳು. ಕನ್ನಡ ಅಷ್ಟೂ ಅರ್ಥವಾಗುತ್ತಿತ್ತು ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಕುದುರೆಯ ಮಾತೇ ಎತ್ತಲಿಲ್ಲ, ಅಜ್ಜಿ ಸಾರಿ ಹೇಳಿದರು, ಎಲ್ಲರ ಅನ್ನಕ್ಕೂ ತುಪ್ಪ ಹಾಕಿದ್ದಾರಂತೆ ಎಂದು ಗಟ್ಟಿಯಾಗಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಯಾರೋ ತುಪ್ಪ ಎಂದರೇನು ಎಂದು ಕೇಳಿದರು. "ಬಟರ್" ಎಂದಳು. "ಮೆಲ್ಟೆಡ್ ಬಟರ್."

ಆ ಗಳಿಗೆಗೆ ಒಂದು ವಿಮಾನವಾದರೂ ಬರಬಾರದಿತ್ತೇ? ಬರಲಿಲ್ಲ. ಚಮಚಗಳು ಒಂದೊಂದಾಗಿ ಮೇಜಿನ ಮೇಲೆ ಕೂತವು. ಎರಡು ಚಮಚ ತಿಂದ ಗಡ್ಡದ ಹುಡುಗ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ. ಇಬ್ಬರು ಕೋಟು ಎತ್ತಿಕೊಂಡರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಎದುರು ಮನೆಯಾಕೆ ಹನ್ನೊಂದು ವರ್ಷದಿಂದ ಹಾಲಿನ ಹನಿ ಮುಟ್ಟದವರು. ಅವರ ತಟ್ಟೆ ಖಾಲಿಯಾಗಿತ್ತು. ಹತ್ತಿರ ಬಂದು ಮೆಲ್ಲಗೆ, "ಅವರಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು" ಎಂದರು.

"ಕುದುರೆಗೋಸ್ಕರ..." ಎಂದು ತೊದಲಿದೆ. ಅವರು ನನ್ನನ್ನೇ ದಿಟ್ಟಿಸಿದರು.

ಹೊರಡಲು ಎದ್ದವರನ್ನು ನೋಡಿ ಈಗ ಮಗಳಿಗೆ ವಿಷಯ ಅರ್ಥವಾಯಿತು. ತಾನು ಹೇಳಿದ್ದಕ್ಕೆ ಕುದುರೆ ಸತ್ತುಹೋಗುತ್ತದಾ ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಎದುರು ಮನೆಯಾಕೆ ಅವಳ ಮುಂದೆ ಮೊಣಕಾಲೂರಿ ಕೂತರು. "ಇಲ್ಲ. ನೀನು ಹೇಳಿದ್ದರಿಂದಲೇ ಈಗ ನಾನು ಇವರ ಮುಖ ನೋಡಿ ಕೇಳಬಹುದು" ಎಂದರು. ಎದ್ದು ನಿಂತು, "ಊಟ ಕೆಟ್ಟಿತು, ನಿಜ. ಸೋಮವಾರದ ಲಾರಿ ಮಾತ್ರ ಬಂದೇ ಬರುತ್ತದೆ" ಎಂದು ಬುಟ್ಟಿಯನ್ನು ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟು, ಯಾರು ಎಷ್ಟು ಹಾಕಿದರೆಂದು ಕಾಣದಂತೆ ಗೋಡೆಯ ಕಡೆ ತಿರುಗಿ ನಿಂತರು. ಕೋಟು ಹಾಕಿಕೊಂಡವರೇ ಮೊದಲು ಹಣ ಹಾಕಿದರು. ಗಡ್ಡದ ಹುಡುಗ ಬಾಯಿ ಒರೆಸಿಕೊಳ್ಳುತ್ತಾ ಬಂದು ಜೇಬು ಕೊಡವಿದ. ಕೊನೆಗೆ ಸ್ವಲ್ಪ ಕಡಿಮೆ ಬಿದ್ದದ್ದನ್ನು ನನ್ನ ಗಂಡ ನನ್ನ ಕಡೆ ಒಂದು ನೋಟ ಎಸೆದು ತುಂಬಿದರು. ಸೋಮವಾರ ಕುದುರೆ ಹಾಫ್‌ಮನ್ ಎಸ್ಟೇಟ್ಸ್ ಆಚೆ ಮುಸುಕಿನ ಜೋಳದ ಹೊಲಗಳ ನಡುವೆ, ಅವರ ಗುಂಪಿನವರೊಬ್ಬರ ಕೊಟ್ಟಿಗೆ ಸೇರಿತು.

ನಮ್ಮ ಮನೆಯಲ್ಲಿ ಬೇರೆಯೇ ಪ್ರಳಯ. ನಾನು ಇಂಗ್ಲಿಷಿನಲ್ಲಿ ಹೇಳಿದ್ದೇನು ಎಂದು ಅತ್ತೆ ಮೊಮ್ಮಗಳಿಂದ ಒಂದೊಂದಾಗಿ ಹೊರಡಿಸಿದ್ದರು. "ನಾನು ತಪ್ಪಾಯ್ತು ಅಂದೆನಲ್ಲ, ಅದನ್ನ ಎಲ್ಲಿ ನುಂಗಿದೆ? ನನ್ನ ಬಾಯಲ್ಲಿ ಯಾಕೆ ಸುಳ್ಳಾಡಿಸಿದೆ?" ಎರಡು ದಿನ ಅವರು ನನ್ನೊಡನೆ ಮಾತು ಬಿಟ್ಟರು. ಉಪ್ಪಿನ ಡಬ್ಬಿ ಬೇಕಾದರೂ ಮೊಮ್ಮಗಳ ಮೂಲಕ ಕೇಳಿಸುತ್ತಿದ್ದರು. ಆ ಹುಡುಗಿಗೋ ಹೊಸ ಅಧಿಕಾರ ಸಿಕ್ಕಿ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಎದುರು ಮನೆಗೆ ನಾನೇ ಹೋಗಿ ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ. ಆಕೆ ಚಹಾ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಆದರೆ ನವೆಂಬರಿನಲ್ಲಿ, ಕುದುರೆಯ ಚಳಿಗಾಲದ ಹುಲ್ಲಿಗೆಂದು ಇನ್ನೊಂದು ಊಟ ಇಟ್ಟಾಗ, ಮತ್ತೆ ಬಾಗಿಲು ತಟ್ಟಿದರು. ಅಡುಗೆ ನೀವು ಮಾಡಿ, ಬಡಿಸುವುದು ನಿಮ್ಮ ಅತ್ತೆ, ಅನುವಾದ ಮಾತ್ರ ಮಗಳು ಮಾಡಲಿ ಎಂದರು. ನಗು ತಡೆಯಲು ಅವರು ತುಟಿ ಕಚ್ಚಿಕೊಂಡದ್ದು ನನಗೆ ಕಾಣಿಸಿತು.

ಮುಂದಿನ ವಾರ ಅತ್ತೆ ಊರಿಗೆ ಹೊರಡುವವರಿದ್ದರು. ಬೇಸ್‌ಮೆಂಟಿನಲ್ಲಿ ಅದೇ ಮೇಜುಗಳು, ಹೆಚ್ಚು ಕಡಿಮೆ ಅದೇ ಜನ. ಊಟವಾದ ಮೇಲೆ ಅತ್ತೆಯನ್ನು ಮುಂದೆ ಕರೆದರು. ಮೊಮ್ಮಗಳನ್ನು ಕುರ್ಚಿಯ ಮೇಲೆ ನಿಲ್ಲಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಪಾಯಸದ ಸೌಟು ಹಿಡಿದು ನಿಂತಿದ್ದೆ. ಅಲ್ಲಿಗೆ ವಿಮಾನದ ಸದ್ದೂ ಸೇರಿಕೊಂಡಿತು, ಅತ್ತೆಯ ಮಾತು ನನ್ನವರೆಗೆ ತಲುಪಲಿಲ್ಲ. ಕೇಳಿಸಿದ್ದು ಮಗಳ ಇಂಗ್ಲಿಷು.

ಈ ಸಲ ತುಪ್ಪ ಹಾಕಿಲ್ಲ, ಅದಕ್ಕೇ ಅನ್ನ ಖರ್ಚಾಗಿಲ್ಲ ಎಂದಳು ಮೊದಲು. ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ಏನೋ ಹೇಳಿದರು. ಮಗಳು ಮುಂದುವರಿಸಿದಳು: "ಅಜ್ಜಿ ಹೇಳ್ತಾರೆ, ನನ್ನ ಸೊಸೆ ಕೆಟ್ಟವಳಲ್ಲ. ಆವತ್ತು ಅವಳು ಕುದುರೆಗೋಸ್ಕರ ಸುಳ್ಳು ಹೇಳಲಿಲ್ಲ. ಷಿ ವಾಸ್ ಸ್ಕೇರ್ಡ್. ನೀವೆಲ್ಲ ಅವಳನ್ನು ನೋಡಿ ನಗುತ್ತೀರಿ ಅಂತ ಭಯ ಅವಳಿಗೆ. ಜೋರು ಬಾಯಿ ಅಷ್ಟೆ, ಒಳಗೆ ಪುಕ್ಕಲು. ಇಲ್ಲಿ ಅವಳಿಗೆ ಯಾರೂ ಇಲ್ಲ. ನಾನು ಹೋಗ್ತಾ ಇದೀನಿ, ನೀವು ಸ್ವಲ್ಪ ನೋಡ್ಕೊಳ್ಳಿ."

ಒಂದು ಅಕ್ಷರ ಬಿಟ್ಟಿರಲಾರಳು, ಹಾಳು ಹುಡುಗಿ. ನಲವತ್ತು ಜನ ತಿರುಗಿ ನನ್ನನ್ನು ನೋಡಿದರು. ಒಬ್ಬರೂ ನಗಲಿಲ್ಲ. ನಾನು ಪಾಯಸದ ಪಾತ್ರೆ ಎತ್ತಿಕೊಂಡು ಬಡಿಸಲು ಹೊರಟೆ. ಕಣ್ಣು ಮಂಜಾಗಿ ಗಡ್ಡದ ಹುಡುಗನ ಲೋಟದ ನೀರಿಗೇ ಒಂದು ಸೌಟು ಪಾಯಸ ಸುರಿದೆನಂತೆ. ಅವನು ಏನೂ ಹೇಳದೆ ಅದನ್ನೂ ಕುಡಿದನಂತೆ.