ಕೆಳತುಟಿಯ ಒಳಗೆ

ಮೊದಲು ಬಂದದ್ದು ಉರಿ. ಸಾರಿಗೆ ಖಾರ ಜಾಸ್ತಿಯಾಗಿದೆ ಅಂದ ಮಗ. ನಂಬಿದೆ. ಆ ವಾರವಷ್ಟೇ ಹೊಸ ಮೆಣಸಿನಕಾಯಿ ಪುಡಿ ಮಾಡಿಸಿಕೊಂಡು ಬಂದಿದ್ದೆ. ಮಾರನೆಯ ದಿನ ಕಡಿಮೆ ಹಾಕಿದೆ. ಆಮೇಲೆ ಇನ್ನೂ ಕಡಿಮೆ. ಕೊನೆಗೆ ಮೊಸರನ್ನವನ್ನೂ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗತೊಡಗಿದ. ಮುದ್ದೆ ಬೇಡವೇ ಬೇಡ ಅಂದ. ಕಾಲೇಜು ಮೆಟ್ಟಿಲು ಹತ್ತಿದ್ದೇ ತಡ, ಮುದ್ದೆ ಕಂಡರೆ ಮೂಗು ಮುರಿಯುತ್ತಾನೆ ಅಂತ ಬೈದೆ. ಅವನ ಬಾಯಿ ತೆರೆಯುತ್ತಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮಗ ಕಿರಣನಿಗೆ ಹದಿನಾರು ವರ್ಷ. ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಮೊದಲ ಪಿಯುಸಿ ಓದುತ್ತಿದ್ದಾನೆ. ನನ್ನ ಗಂಡ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಗಾಡಿ ಓಡಿಸುತ್ತಾರೆ. ನಿದ್ದೆ ಬಾರದಿರಲಿ ಅಂತ ತಂಬಾಕು ಹಾಕುತ್ತಾರೆ. ಮನೆಯಲ್ಲಿ ನಾನು ರೇಷ್ಮೆ ಹುಳ ಸಾಕುತ್ತೇನೆ.

ತಂಬಾಕು ಮುಟ್ಟಿದ ಕೈಯಲ್ಲಿ ಹುಳದ ಮನೆಗೆ ಕಾಲಿಡಬಾರದು. ಅದು ತಾಗಿದರೆ ಹುಳ ಉಳಿಯುವುದಿಲ್ಲ. ನಮ್ಮೂರಲ್ಲಿ ಇದು ಚಿಳ್ಳೆ ಪಿಳ್ಳೆಗೂ ಗೊತ್ತು. ಗಂಡ ಬಾಗಿಲ ಹತ್ತಿರ ಸುಳಿದರೂ "ಅಲ್ಲೇ ನಿಂತ್ಕಳಿ, ಒಳಕ್ಕೆ ಬರಬ್ಯಾಡಿ" ಅಂತ ಕೂಗುತ್ತಿದ್ದೆ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವುದು ಕಿರಣನ ಕೆಲಸ. ನನ್ನ ಮಗನ ಕೈ ಶುದ್ಧ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಆ ಸಲದ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳಕ್ಕೆ ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚಿನ ನಿದ್ದೆಗೆ ನಾವು ಹಾಗನ್ನುತ್ತೇವೆ. ಎದ್ದ ಮೇಲೆ ಬಿಡುವಿಲ್ಲದೆ ತಿನ್ನುತ್ತವೆ. ಅವತ್ತು ಬೆಳಿಗ್ಗೆ ಕಿರಣ ಸೊಪ್ಪು ಹಾಕಿ ಬಸ್ಸು ಹತ್ತಿದ. ಮಧ್ಯಾಹ್ನ ಹೋಗಿ ನೋಡಿದರೆ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನ ಹುಳಗಳೆಲ್ಲ ತಲೆ ಎತ್ತಿ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕಿದ್ದವು.

ಸಂಜೆಗೆ ಸತ್ತವು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಹೊಲದ ರಾಚಪ್ಪಣ್ಣನ ಮನೆ ಮುಂದೆ ಹೋಗಿ ನಿಂತೆ. ಅವರು ಬದನೆ ಗಿಡಕ್ಕೆ ಹೊಡೆದ ಮದ್ದು ಗಾಳಿಗೆ ಬಂದು ನಮ್ಮ ಸೊಪ್ಪಿನ ಮೇಲೆ ಬಿದ್ದಿದೆ ಅಂತ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ದೇವ್ರಾಣೆಗೂ ಈ ವಾರ ಮದ್ದೇ ಮುಟ್ಟಿಲ್ಲ ಕಣವ್ವ," ಅಂದರು ಅವರು.

"ಸುಳ್ ಯೋಳ್ಬ್ಯಾಡಿ," ಅಂದೆ. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು ದೊಡ್ಡವರು. ಕಿರಣ ಆಗತಾನೇ ಬಸ್ಸಿಳಿದು ಬಂದು ನನ್ನ ಹಿಂದೆ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡು ಮನೆ ಕಡೆ ಹೋದ.

ಹದಿನೈದು ದಿನ ಕಳೆದಿರಬೇಕು. ಕಿರಣ ಬಾಳೆಹಣ್ಣನ್ನು ಕಚ್ಚಲಾಗದೆ, ಬೆರಳಲ್ಲಿ ಮುರಿದು ಹಲ್ಲಿನ ಸಂದಿಗೆ ತುರುಕಿಕೊಳ್ಳುತ್ತಿದ್ದದ್ದನ್ನು ಕಂಡೆ. ಬುದ್ಧಿಹಲ್ಲು ಬರುತ್ತಿರಬೇಕು ಅಂದುಕೊಂಡು ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಪ್ಪ," ಅಂದರು. ಎರಡು ಹೋದವು. ಮೂರನೆಯದು ಹೋಗಲಿಲ್ಲ. ಅವರು ಅವನ ಕೆಳತುಟಿಯನ್ನು ಮಡಚಿ ನನಗೆ ತೋರಿಸಿದರು. ಒಳಗೆಲ್ಲ ಬಿಳಿ. ಬಟ್ಟೆ ಒಗೆದ ಮೇಲೆ ಬೆರಳ ತುದಿ ಆಗುತ್ತದಲ್ಲ, ಹಾಗೆ ಸುಕ್ಕು.

"ಏನು ಹಾಕ್ತೀಯ? ಎಷ್ಟು ದಿನದಿಂದ?"

"ಎಂಟನೇ ಕ್ಲಾಸಿಂದ, ಮೇಡಂ. ಮೊದ್ಲು ಗುಟ್ಕಾ. ಈಗ ತುಟಿಯೊಳ್ಗೆ ಇಟ್ಕಳ ತಂಬಾಕು ಪೊಟ್ಣನೂವೆ."

"ದಿನಕ್ಕೆ?"

"ಎಂಟು. ಪರೀಕ್ಷೆ ಬಂದ್ರೆ ಇನ್ನೂ ಜಾಸ್ತಿ."

ಫೈಬ್ರೋಸಿಸ್ ಅಂದರು, ಬಾಯಿಯ ಒಳಚರ್ಮ ಗಟ್ಟಿಯಾಗಿ ಬಿಗಿದುಕೊಳ್ಳುವ ಕಾಯಿಲೆಯಂತೆ. ಬಯಾಪ್ಸಿ ಅಂದರು. ಈ ಬಿಳಿ ಮಚ್ಚೆ ಮುಂದೆ ಕ್ಯಾನ್ಸರ್ ಆದರೂ ಆಗಬಹುದು, ತುಂಡು ತೆಗೆದು ನೋಡಬೇಕು ಅಂದರು. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅಳು ಬರಲಿಲ್ಲ. ಕೋಪವೂ ಬರಲಿಲ್ಲ. ಮಗನ ಕಡೆ ತಿರುಗಿ ಒಂದೇ ಮಾತು ಕೇಳಿದೆ.

"ಹುಳಕ್ಕೆ ಸೊಪ್ಪಾಕುವಾಗ್ಲೂ ಬಾಯ್ಲಿತ್ತೇನ್ಲಾ?"

"ಇತ್ತು ಕಣವ್ವ. ಕೈ ತೊಳೀನಿಲ್ಲ."

ನನ್ನನ್ನು ಇವತ್ತಿಗೂ ಚುಚ್ಚುವುದು ಅವನ ಉತ್ತರವಲ್ಲ, ನನ್ನ ಪ್ರಶ್ನೆ. ಹೆತ್ತ ಮಗನಿಗೆ ಕ್ಯಾನ್ಸರ್ ಆಗಬಹುದು ಅಂದ ಮರುಗಳಿಗೆಯಲ್ಲಿ ನಾನು ವಿಚಾರಿಸಿಕೊಂಡದ್ದು ಹುಳವನ್ನು. ಹುಳಕ್ಕೆ ತಂಬಾಕು ತಾಗದಿರಲಿ ಅಂತ ಗಂಡನನ್ನೇ ಹೊರಗೆ ನಿಲ್ಲಿಸಿದವಳು, ಮಗನಿಗೆ ತಾಗದಿರಲಿ ಅಂತ ಏನು ಮಾಡಿದ್ದೆ? ಅಂಗಡಿಯಲ್ಲಿ 'ಅಪ್ಪಂಗೆ' ಅಂದರೆ ಕೊಡುತ್ತಿದ್ದರಂತೆ. ಹಾಗನ್ನಲು ಕಲಿಸಿದವಳೂ ನಾನೇ. ಅವನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ "ಅಪ್ಪಂಗೆ ಒಂದ್ ಪೊಟ್ಣ ಇಸ್ಕಬಾ ಓಗು" ಅಂತ ಓಡಿಸುತ್ತಿದ್ದೆ.

ರಿಪೋರ್ಟ್ ಬರುವ ತನಕ ಹತ್ತು ದಿನ. ಅಡುಗೆ ಮಾಡಿದೆ. ಸೊಪ್ಪು ಕೊಯ್ದೆ. ಯಾರೋ ಏನೋ ಕೇಳಿದರೆ ಉತ್ತರ ಕೊಟ್ಟೆ. ಆ ದಿನಗಳಲ್ಲಿ ನಾನು ಏನು ಯೋಚಿಸಿದೆ ಅಂತ ನೆನಪು ಮಾಡಿಕೊಂಡರೆ ಏನೂ ಸಿಗುವುದಿಲ್ಲ.

"ಈಗ ಕ್ಯಾನ್ಸರ್ ಇಲ್ಲ," ಅಂದರು ಡಾಕ್ಟರ್.

ಆ 'ಈಗ' ಅನ್ನುವುದನ್ನು ಹಿಡಿದುಕೊಂಡೇ ಬದುಕುತ್ತಿದ್ದೇವೆ. ವಾರಕ್ಕೊಂದು ಇಂಜೆಕ್ಷನ್, ಕೆನ್ನೆಯ ಒಳಗೆ. ಐಸ್‌ಕ್ಯಾಂಡಿಯ ಮರದ ಕಡ್ಡಿಗಳನ್ನು ಒಟ್ಟಿಗೆ ಜೋಡಿಸಿ ಹಲ್ಲಿನ ನಡುವೆ ಕಚ್ಚಿಕೊಂಡು ಬಾಯಿ ಹಿಗ್ಗಿಸುವ ವ್ಯಾಯಾಮ. ಮೊದಲು ಹತ್ತು ಕಡ್ಡಿ ಹಿಡಿಸುತ್ತಿದ್ದವು, ಈಗ ಹದಿಮೂರು. ತಂಬಾಕು ಬಿಟ್ಟ ಮೊದಲ ವಾರ ಅವನು ಮನುಷ್ಯನಾಗಿರಲಿಲ್ಲ. ಕೂತಲ್ಲಿ ಕೂರುತ್ತಿರಲಿಲ್ಲ, ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಗಂಡ ಮನೆಯಲ್ಲಿದ್ದ ಪೊಟ್ಟಣಗಳನ್ನೆಲ್ಲ ತಿಪ್ಪೆಗೆ ಹಾಕಿದರು. ಎರಡೇ ದಿನಕ್ಕೆ ಮತ್ತೆ ತಂದರು. ಮತ್ತೆ ಹಾಕಿದರು. ಈಗ ಮನೆಯೊಳಗೆ ತರುವುದಿಲ್ಲ. ಗಾಡಿಯಲ್ಲಿ ಇದೆಯೋ ಇಲ್ಲವೋ ನಾನು ಕೇಳಿಲ್ಲ.

ಇಂಜೆಕ್ಷನ್ನಿಗೆ ಅವನ ಜೊತೆ ಬಸ್ಸಿನಲ್ಲಿ ಹೋಗುವಾಗ ನನ್ನ ಕಣ್ಣು ಹುಡುಗರ ಕೆಳತುಟಿಯ ಮೇಲೇ ಇರುತ್ತದೆ. ಹೈಸ್ಕೂಲಿನ ಯೂನಿಫಾರ್ಮ್ ಹಾಕಿದವರದ್ದೂ ಉಬ್ಬಿರುತ್ತದೆ. ಕಿಟಕಿಯಿಂದ ಉಗಿಯುತ್ತಾರೆ. ಇಷ್ಟು ವರ್ಷ ಇದೇ ಬಸ್ಸಿನಲ್ಲಿ ಓಡಾಡಿದ್ದೇನೆ, ಒಂದೂ ಕಂಡಿರಲಿಲ್ಲ.

ರಾಚಪ್ಪಣ್ಣನ ಮನೆಗೆ ಹೋಗಲು ತಿಂಗಳು ಬೇಕಾಯಿತು. ತಪ್ಪಾಯಿತು ಅನ್ನಬೇಕಾದರೆ ಮಗನ ವಿಷಯ ಬಾಯಿಬಿಡಬೇಕು. ಊರು ಏನನ್ನುತ್ತದೋ ಅನ್ನುವ ಅಳುಕು. ಕೊನೆಗೆ ಹೋಗಿ ಜಗಲಿಯ ಅಂಚಿನಲ್ಲಿ ಕೂತೆ.

"ನಿಮ್ ಮದ್ದಲ್ಲ ರಾಚಪ್ಪಣ್ಣ. ನನ್ ಮಗನ್ ಕೈ."

ಅವರು ಒಳಗಿದ್ದ ಮೊಮ್ಮಗನನ್ನು ಕರೆದರು. "ಬಾರ್ಲಾ ಇಲ್ಲಿ. ಎಲ್ಲಿ, ಬಾಯ್ ತಗಿ." ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾರನೆಯ ವಾರ ಮೊಮ್ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಅವರೂ ನಮ್ಮ ಜೊತೆ ಬಸ್ಸು ಹತ್ತಿದರು.

ಬಾಯಿ ಪೂರ್ತಿ ಮೊದಲಿನ ಹಾಗಾಗುವುದಿಲ್ಲ ಅಂದಿದ್ದಾರೆ ಡಾಕ್ಟರ್. ಮತ್ತೆ ಮುಟ್ಟದಿದ್ದರೆ ಹೀಗೇ ಉಳಿಯಬಹುದು, ಇನ್ನೂ ಸ್ವಲ್ಪ ಸುಧಾರಿಸಬಹುದು. ಮುಟ್ಟಿದರೆ ಅವರ ಕೈಯಲ್ಲಿಲ್ಲ. ದಿನಾ ಸಂಜೆ ಅವನ ಬ್ಯಾಗು ತಡಕುತ್ತಿದ್ದೆ, ಅಂಗಿಯ ಜೇಬು ಮೂಸುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು.

ಹೋದ ವಾರ ಕಾಲೇಜಿನಿಂದ ಬಂದವನು ಒಳಗೆ ಬಾರದೆ ಬಾಗಿಲಲ್ಲೇ ನಿಂತ.

"ಅವ್ವ, ಇವತ್ತು ಒಂದ್ ಹಾಕ್ಬುಟ್ಟೆ."

ಕೈ ಎತ್ತಿದ್ದು ನಿಜ. ಹೊಡೆಯಲಿಲ್ಲ.

"ಯಾವಾಗ್ಲಾ?"

"ಮಧ್ಯಾನ. ಆಮೇಲ್ ಉಗುದ್ಬುಟ್ಟೆ. ಆದ್ರೂ ಹಾಕಿದ್ದು ಹಾಕಿದ್ದೆಯ."

ನಾನು ಕೇಳಿರಲಿಲ್ಲ. ಬ್ಯಾಗು ಇನ್ನೂ ಅವನ ಹೆಗಲಲ್ಲೇ ಇತ್ತು. ಮೂರು ವರ್ಷ ನನ್ನ ಎದುರಿಗೇ ಕೂತು ಮುಚ್ಚಿಟ್ಟವನು ತಾನಾಗಿ ಬಂದು ಹೇಳಿದ.

"ಮೊಕ ತೊಳ್ಕಬಾ ಓಗು, ಉಣ್ಣುವಂತೆ," ಅಂದೆ.

ಅವನು ಬಚ್ಚಲಿಗೆ ಹೋದ. ಬಾಯಿ ಮುಕ್ಕಳಿಸುವ ಸದ್ದು ಕೇಳಿಸುತ್ತಿತ್ತು. ನಾನು ಸ್ಟವ್ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ.