ಇಲ್ಲದಿದ್ರೆ ಪತ್ರೊಡೆ

ಕೊಚ್ಚಿಯ ಎಡಪ್ಪಳ್ಳಿಯ ತರಕಾರಿ ಅಂಗಡಿಯಲ್ಲಿ ನಿನ್ನೆ ಕೆಸುವಿನ ಎಲೆ ಸಿಕ್ಕಿತು. ಹಿಟ್ಟು ಸವರಿ, ಸುತ್ತಿ, ಬೇಯಿಸಿ ಪತ್ರೊಡೆ ಮಾಡಿದೆ. ಗಂಟಲು ಒಂದಿಷ್ಟೂ ತುರಿಸಲಿಲ್ಲ. ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಿ. ನನಗೆ ಮಾತ್ರ ಜೀವ ಹಾರಿದಂತಾಯಿತು. ಪ್ರತಿ ಮಳೆಗಾಲ ತಿರುವನಂತಪುರದಿಂದ ಚಿಕ್ಕಮ್ಮ ಕಳಿಸುತ್ತಿದ್ದ, ತುರಿಸುವ ಎಲೆ ಈ ಸಲ ಬಂದಿರಲಿಲ್ಲ.

ಚಿಕ್ಕಮ್ಮ ಅಲ್ಲಿಯ ಶ್ರೀಕಾರ್ಯಂನಲ್ಲಿ ಗೆಡ್ಡೆ ಬೆಳೆಗಳ ಸಂಶೋಧನೆಯಲ್ಲಿದ್ದವಳು. ಕಾಸರಗೋಡಿನಿಂದ ಕಾಲೇಜಿಗೆಂದು ಹೋದ ನಾನು ಅವಳ ಮನೆಯಲ್ಲೇ ಬೀಡುಬಿಟ್ಟಿದ್ದೆ. ಬೆಳಿಗ್ಗೆ ಎಳೆ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನಡಿ ಹೆಬ್ಬೆರಳಿನಿಂದ ಒತ್ತಿ, ಕ್ರೋಮೋಸೋಮು ನೋಡುವುದು ಅವಳ ಕೆಲಸ. ಹಪ್ಪಳ ಒತ್ತಲು ಕರೆದರೆ ಮಾತ್ರ ಅದೇ ಹೆಬ್ಬೆರಳು ನೋಯುತ್ತಿತ್ತು.

ತಾರಸಿಯ ಮಣ್ಣಿನ ಚಟ್ಟಿಯಲ್ಲಿ ಅವಳ ಪ್ರಾಣವಿತ್ತು: ಊರ ಕೆಸುವಿಗೆ, ತಿಂದರೆ ಗಂಟಲು ತುರಿಸುವ ಕಾಡಿನ ಬೇರೊಂದು ಜಾತಿಯ ಪರಾಗ ತಾಗಿಸಿ ಹುಟ್ಟಿದ ಒಂದೇ ಒಂದು ಗಿಡ. ಕಾಡಿನದ್ದು ಕೂಡಿಯೇ ಇಲ್ಲ, ಇದು ಬರೀ ಊರ ಕೆಸು ಎಂದು ಜತೆಯವರು ಛೇಡಿಸುತ್ತಿದ್ದರು.

"ಎರಡು ಕಡೆಯ ಕ್ರೋಮೋಸೋಮಿಗೂ ಜೋಡಿ ಸಿಗ್ಲಿಲ್ಲ ಅಂದ್ರೆ ಬೀಜ ಇಲ್ಲ. ಅದಕ್ಕೇ ಮದ್ದು ಹಾಕಿ ಎಲ್ಲ ಇಮ್ಮಡಿ ಮಾಡಿದ್ದು" ಎಂದಿದ್ದಳು ಚಿಕ್ಕಮ್ಮ. "ಬೀಜ ಕಟ್ಟಿದ್ರೆ ಹೊಸ ಜಾತಿಯೇ. ಮತ್ತೆ ಅಪ್ಪ ಅಮ್ಮನ ಜತೆ ಬೆರೆಯುವ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೆ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಪತ್ರೊಡೆ."

ಜಡಿಮಳೆಯ ಆಟಿ ತಿಂಗಳಲ್ಲಿ ನನ್ನಮ್ಮ ಬಂದಳು. ಕೆಸು ಕಂಡ ಕಾಸರಗೋಡಿನ ಹೆಂಗಸಿನ ಕೈ ಸುಮ್ಮನಿರುತ್ತದೆಯೇ? ಸಂಜೆ ನಾವು ಮನೆಗೆ ಬಂದಾಗ ಅಡುಗೆಮನೆ ಘಮ್ಮೆನ್ನುತ್ತಿತ್ತು. ತಾರಸಿಯ ಚಟ್ಟಿಯಲ್ಲಿ ಇನ್ನೂ ಬಿಚ್ಚದ ಒಂದು ಎಳೆ ಎಲೆಯ ಸುರುಳಿ ಮಾತ್ರ ಉಳಿದಿತ್ತು.

"ಎಂತ ಮಾಡಿದ್ದು ಅಕ್ಕಾ!" ಚಿಕ್ಕಮ್ಮ ಕುಸಿದು ಕೂತಳು.

"ಎಲೆ ಬಲಿತಿತ್ತು ಮಾರಾಯ್ತಿ. ಗೆಡ್ಡೆ ಮುಟ್ಲಿಲ್ಲ" ಎಂದಳು ಅಮ್ಮ, ತಟ್ಟೆ ಇಡುತ್ತಾ.

ಒಂದೊಂದು ತುಂಡು ಬಾಯಿಗಿಟ್ಟದ್ದೇ ತಡ, ಮೂವರೂ ಗಂಟಲು ತುರಿಸಿ ಕೆಮ್ಮತೊಡಗಿದೆವು. "ತುರಿಸದ ಹಾಗೆ ಹುಣಸೆ ಬೇಕಾದಷ್ಟು ಹಾಕಿದ್ದೆ!" ಎಂದು ಅಮ್ಮ ಆಣೆಯಿಟ್ಟಳು. ಚಿಕ್ಕಮ್ಮ ಮಾತ್ರ ಕಣ್ಣೊರೆಸುತ್ತಾ ನಗುತ್ತಿದ್ದಳು. "ಕಾಡಿಂದು ಬಂದಿದೆ ಅಕ್ಕಾ!" ಗಂಟಲಿನ ಸಾಕ್ಷಿ ಸಾಲದೆಂದು ಮರುದಿನ ಬೇರು ಒತ್ತಿಯೂ ನೋಡಿದಳು. ಕಾಡಿನದ್ದು ಇತ್ತು.

ಗಿಡ ಚಿಗುರಿತು, ಕೆಲವು ವರ್ಷ ಹೂ ಬಿಟ್ಟಿತು. ಬೀಜ ಕಟ್ಟಲೇ ಇಲ್ಲ. ಅವಳು ನಿವೃತ್ತಳಾದಳು, ನಾನು ಕೊಚ್ಚಿಗೆ ಬಂದೆ. ಎಲೆ ಬಂದಾಗಲೆಲ್ಲ ಈ ವರ್ಷವೂ ಬೀಜ ಇಲ್ಲ ಎಂದು ಅರ್ಥಮಾಡಿಕೊಂಡು, ಬೇಸರದಿಂದಲೇ ಚಪ್ಪರಿಸಿ ತಿನ್ನುತ್ತಿದ್ದೆ.

ಎಲೆಯೇ ಬಾರದಿದ್ದರೆ ಗಿಡ ಸತ್ತಿರಬೇಕು. ಕೈ ತೊಳೆದು ಫೋನ್ ಮಾಡಿದೆ.

"ಈ ಸಲ ಎಲೆ ಕೊಯ್ಲಿಕ್ಕಿಲ್ಲ" ಎಂದಳು ಚಿಕ್ಕಮ್ಮ. "ಬೀಜ ಕಟ್ಟಿತು. ಬಿತ್ತಿದೆ. ಮೊಳಕೆ ಬಂದಿದೆ." ಆಮೇಲೆ ಮೆಲ್ಲಗೆ, "ಅಕ್ಕನಿಗೆ ಮಾತ್ರ ಹೇಳ್ಬೇಡ. ನಾಳೆಯೇ ರೈಲು ಹತ್ತಿಯಾಳು."

ತಟ್ಟೆಯಲ್ಲಿ ಉಳಿದಿದ್ದ ಸಪ್ಪೆ ಪತ್ರೊಡೆಯನ್ನು ಮತ್ತೆ ತಿನ್ನಲು ಕೂತೆ. ಗಂಟಲು ತುರಿಸದೆಯೇ ಕಣ್ಣಲ್ಲಿ ನೀರು ಬಂತು.